ಊದುಗೊಳವೆ ಮತ್ತು ಜೀಪು

ಚರಿತ್ರೆಯ ಪಾಠ ಮಾಡುವವರಿಗೆ ಒಂದು ಚಾಳಿಯಿದೆ. ಯಾವ ವಸ್ತುವನ್ನು ಕಂಡರೂ ಇದು ಎಲ್ಲಿಂದ ಬಂತು, ಯಾವ ಇಸವಿ ಎಂದು ಕೆದಕದೆ ಬಿಡುವುದಿಲ್ಲ. ಸಕಲೇಶಪುರದ ಕಡೆ ಕಾಫಿ ತೋಟವಿರುವ ನನ್ನ ತಂಗಿ 2021ರಲ್ಲಿ ಜೀಪು ಕೊಳ್ಳಲು ಹೊರಟಾಗ, ಇಂಜಿನ್ನುಗಳ ಚರಿತ್ರೆ ನನ್ನ ತಲೆಗೆ ಹೊಕ್ಕಿದ್ದು ಹೀಗೆಯೇ.

ಜೀಪು ಅವಳಿಗೆ ಶೋಕಿಯಲ್ಲ. ಡಾಂಬರು ರಸ್ತೆಯಿಂದ ಮನೆಗೆ ಮೂರು ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಒಂದು ಹಳ್ಳ, ಹಳ್ಳ ದಾಟಿದೊಡನೆ ನೆಟ್ಟಗೆ ಏರು. 2018ರ ಆಗಸ್ಟಿನಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿತ್ತಲ್ಲ, ಆ ಮಳೆಯಲ್ಲಿ ಇವರ ಹಳೆಯ ಜೀಪು ಏರಿನಲ್ಲೇ ಕೆಟ್ಟು ನಿಂತಿತು. ಲೈನ್ ಮನೆಯ ಒಬ್ಬ ಬಸುರಿ ಹೆಂಗಸನ್ನು ಕುರ್ಚಿಯಲ್ಲಿ ಕೂರಿಸಿ, ಬಿದಿರು ಕಟ್ಟಿ, ನಾಲ್ವರು ಹೊತ್ತು ರಸ್ತೆಗೆ ತಂದರು. ಮಗು ಉಳಿಯಲಿಲ್ಲ. ಮರುವರ್ಷ ತಂಗಿಯ ಗಂಡನೂ ತೀರಿಕೊಂಡ. ಅಂದಿನಿಂದ ಸ್ಟಿಯರಿಂಗ್ ಹಿಡಿಯುವವಳು ಅವಳೇ.

ಅವಳ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ರಜೆ ಬಂತೆಂದರೆ ಗೆಳೆಯರೊಡನೆ ಕೆಸರಿನಲ್ಲಿ, ಬಂಡೆಗಳ ಮೇಲೆ ಜೀಪು ಓಡಿಸುವ ಹುಚ್ಚು. ಅದಕ್ಕೆ ಆಫ್‌ರೋಡಿಂಗ್ ಎನ್ನುತ್ತಾರಂತೆ. "ನಾವು ದಿನಾ ಮಾಡೋದೂ ಅದೇ, ಹೆಸರು ಇಟ್ಟಿರಲಿಲ್ಲ ಅಷ್ಟೆ" ಎಂದು ತಂಗಿ ನಗುತ್ತಾಳೆ. ಮಗ ಎಲ್ಲಿಂದಲೋ ಸೈನ್ಯದವರು ಹರಾಜು ಹಾಕಿದ್ದ ಒಂದು ಜೋಂಗಾ ಪತ್ತೆ ಮಾಡಿದ್ದ. ಜಬಲ್ಪುರದ ಕಾರ್ಖಾನೆಯಲ್ಲಿ ನಿಸಾನ್ ಕಂಪನಿಯ ಮಾದರಿಯಲ್ಲಿ ತಯಾರಾಗುತ್ತಿದ್ದ ಗಾಡಿ ಅದು. ಆರು ಸಿಲಿಂಡರು, ಹತ್ತಿರಹತ್ತಿರ 4 ಲೀಟರಿನ ಪೆಟ್ರೋಲ್ ಇಂಜಿನ್. ಅದರ ಎದುರಿಗೆ ತಂಗಿಯ ಮನಸ್ಸಿನಲ್ಲಿದ್ದದ್ದು 2020ರಲ್ಲಿ ಬಂದ ಮಹೀಂದ್ರಾ ಥಾರ್. ಪೆಟ್ರೋಲಿನದಾದರೆ ಅದರ ಇಂಜಿನ್ ಬರೀ 2 ಲೀಟರು, ಜೊತೆಗೆ ಟರ್ಬೊ. "ದೊಡ್ಡಮ್ಮ, ನೀವಾದರೂ ಹೇಳಿ, ಅರ್ಧ ಸೈಜಿನ ಇಂಜಿನ್ ನಂಬಿ ಮಳೆಗಾಲದಲ್ಲಿ ಹೋಗೋದಾ?" ಎಂದು ಅವನು. "ಅಕ್ಕ, ನೀನು ಓದಿಕೊಂಡವಳು, ನೀನೇ ನೋಡಿ ಹೇಳು" ಎಂದು ಅವಳು.

ಇಂಜಿನ್ ಎಂದರೆ ಒಂದು ಒಲೆ, ಅಷ್ಟೆ. ದೊಡ್ಡ ಒಲೆಗೆ ಹೆಚ್ಚು ಸೌದೆ, ಹೆಚ್ಚು ಉರಿ. ನಮ್ಮಜ್ಜಿ ಸಣ್ಣ ಒಲೆಯಲ್ಲೇ ಊದುಗೊಳವೆ ಹಿಡಿದು ಊದಿ ದೊಡ್ಡ ಒಲೆಯ ಉರಿ ತೆಗೆಯುತ್ತಿದ್ದಳು. ಟರ್ಬೊ ಮಾಡುವುದೂ ಅದನ್ನೇ. ವಿಶೇಷವೇನೆಂದರೆ, ಇಲ್ಲಿ ಊದುವುದಕ್ಕೆ ಬೇರೆ ಬಾಯಿ ಬೇಕಿಲ್ಲ. ಹೊರಗೆ ಹೋಗುವ ಹೊಗೆಯೇ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ, ಅದೇ ಅಚ್ಚಿಗೆ ಸೇರಿದ ಇನ್ನೊಂದು ಚಕ್ರ ಹೊಸ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಹೆಚ್ಚು ಇಂಧನ ಸುಡಬಹುದು. ಪೋಲಾಗುತ್ತಿದ್ದ ಹೊಗೆಯಿಂದ ಕೆಲಸ ತೆಗೆಯುವ ಈ ಯುಕ್ತಿಯಲ್ಲಿ ಗೃಹಿಣಿಯ ಜಾಣತನವಿದೆ ಎಂದು ನನಗನ್ನಿಸಿತು. ಆದರೆ ಪೇಟೆಂಟ್ ಪಡೆದವನು ಆಲ್ಫ್ರೆಡ್ ಬ್ಯೂಖಿ ಎಂಬ ಸ್ವಿಟ್ಜರ್ಲೆಂಡಿನ ಇಂಜಿನಿಯರ್, 1905ರಲ್ಲಿ. ಅವನ ಯೋಚನೆ ಹಡಗಿನ ಇಂಜಿನ್ನುಗಳಲ್ಲಿ ಫಲ ಕೊಡಲು ಮತ್ತೆ 20 ವರ್ಷ ಹಿಡಿಯಿತು. 1920ರ ದಶಕದ ಮಧ್ಯದಲ್ಲಿ ಜರ್ಮನಿಯ ಎರಡು ಪ್ರಯಾಣಿಕ ಹಡಗುಗಳಲ್ಲಿ 1750 ಅಶ್ವಶಕ್ತಿಯ ಇಂಜಿನ್ನುಗಳು 2500 ಅಶ್ವಶಕ್ತಿ ಕೊಟ್ಟವು.

ಅಷ್ಟರೊಳಗೆ ಅಮೆರಿಕದಲ್ಲಿ ಒಂದು ಚಂದದ ಪರೀಕ್ಷೆ ನಡೆದುಹೋಗಿತ್ತು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ವಿಮಾನದ ಇಂಜಿನ್ ಏದುಸಿರು ಬಿಡುತ್ತದೆ. 1918ರಲ್ಲಿ ಸ್ಯಾನ್‌ಫರ್ಡ್ ಮಾಸ್ ಎಂಬಾತ 350 ಅಶ್ವಶಕ್ತಿಯ ವಿಮಾನದ ಇಂಜಿನ್ನೊಂದನ್ನು ಲಾರಿಯ ಮೇಲೆ ಕಟ್ಟಿಕೊಂಡು ಕೊಲರಾಡೊದ ಪೈಕ್ಸ್ ಪೀಕ್ ಬೆಟ್ಟ ಹತ್ತಿಸಿದ. 14 ಸಾವಿರ ಅಡಿಗೂ ಮೇಲೆ ಅದು 230ಕ್ಕೆ ಇಳಿಯಿತು. ಟರ್ಬೊ ಜೋಡಿಸಿದಾಗ 356 ಬಂತು. ಹಿಮಾಲಯದಲ್ಲಿ ಗಾಡಿ ಓಡಿಸುವವರಿಗೆ ಇದು ದೊಡ್ಡ ಸಂಗತಿ. ಸಕಲೇಶಪುರ 3 ಸಾವಿರ ಅಡಿ, ಅಲ್ಲಿ ಗಾಳಿಗೆ ಅಂಥ ಬರವೇನಿಲ್ಲ. ಹಾಗಾಗಿ ಈ ಅಂಕಿಗಳನ್ನು ಮಗನ ಮುಂದೆ ವಾದಕ್ಕೆ ಬಳಸಲಿಲ್ಲ.

ಕಾರಿಗೆ ಟರ್ಬೊ ಬಂದದ್ದು 1962ರಲ್ಲಿ. ಆ ವರ್ಷ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಕಾರಿನ ಕಥೆ ಸ್ವಾರಸ್ಯವಾಗಿದೆ. ಒತ್ತಿ ತುಂಬಿದ ಗಾಳಿ ಬಿಸಿಯಾಗಿ ಇಂಜಿನ್ ಕೆಡದಿರಲೆಂದು ನೀರು ಮತ್ತು ಮೆಥನಾಲಿನ ಮಿಶ್ರಣವನ್ನು ಒಂದು ಪುಟ್ಟ ತೊಟ್ಟಿಯಲ್ಲಿ ತುಂಬಿಸಿಡಬೇಕಿತ್ತು. ಕೊಂಡವರು ಅದನ್ನು ತುಂಬಿಸಲು ಮರೆಯುತ್ತಿದ್ದರು. ಕೊನೆಗೆ ಕಂಪನಿಯೇ ಬಹಳ ಕಾರುಗಳಿಂದ ಟರ್ಬೊ ಕಳಚಿಹಾಕಿತು. ಯಂತ್ರ ಎಷ್ಟು ಜಾಣವಾದರೂ ಮನೆಯವರು ದಿನಾ ಮಾಡುವ ಕೆಲಸವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಹೀಗೇ. ಮುಂದೆ ತೈಲದ ಬೆಲೆ ಏರಿತು, ಹೊಗೆಯ ಕಾನೂನುಗಳು ಬಿಗಿಯಾದವು, ಇಂಧನವನ್ನು ಅಳೆದು ಬಿಡುವ ಎಲೆಕ್ಟ್ರಾನಿಕ್ಸ್ ಬಂತು. ಟರ್ಬೊ ಮತ್ತೆ ಮನೆಹೊಕ್ಕಿತು. ನಮ್ಮ ದೇಶದಲ್ಲಿ ಸಣ್ಣ ಇಂಜಿನ್ನಿಗೆ ಸರ್ಕಾರದ ಒತ್ತಾಸೆಯೂ ಸಿಕ್ಕಿತು. 2006ರಿಂದ 4 ಮೀಟರಿಗಿಂತ ಗಿಡ್ಡದಾದ, ಸಣ್ಣ ಇಂಜಿನ್ನಿನ ಕಾರುಗಳಿಗೆ ತೆರಿಗೆ ಕಡಿಮೆ. 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ದೆಹಲಿಯಲ್ಲಿ 2000 ಸಿಸಿ ಮತ್ತು ಮೇಲಿನ ಡೀಸೆಲ್ ಗಾಡಿಗಳ ನೋಂದಣಿಗೆ ತಡೆ ಹಾಕಿದಾಗ ಮಹೀಂದ್ರಾದವರು 2.2 ಲೀಟರಿನ ಇಂಜಿನ್ನನ್ನು 1.99 ಲೀಟರಿಗೆ ಇಳಿಸಿಬಿಟ್ಟರು! ತಡೆ 2016ರ ಆಗಸ್ಟಿನಲ್ಲಿ ತೆರವಾಯಿತು.

ನನ್ನ ಕಣ್ಣು ತೆರೆಸಿದ್ದು ಬೇರೆಯೇ ಒಂದು ಲೆಕ್ಕ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ಇಂಜಿನ್ 2.2 ಲೀಟರು, ಶಕ್ತಿ 60 ಅಶ್ವಶಕ್ತಿ. ಕಾಡು, ಮರಳುಗಾಡು, ಹಿಮ ಎಲ್ಲವನ್ನೂ ಅದು ಅಷ್ಟರಲ್ಲೇ ದಾಟಿತು. ನಮ್ಮಪ್ಪನ ಪೆಟ್ರೋಲ್ ಜೀಪೂ ಅದೇ ವಂಶದ್ದು. ಹೊಸ ಥಾರಿನ ಡೀಸೆಲ್ ಇಂಜಿನ್ನೂ ಹೆಚ್ಚುಕಡಿಮೆ 2.2 ಲೀಟರೇ, ಆದರೆ ಟರ್ಬೊ ಸೇರಿ 130 ಅಶ್ವಶಕ್ತಿ. 2 ಲೀಟರಿನ ಪೆಟ್ರೋಲಿಗೆ 150. ಮಗ ಮೆಚ್ಚಿದ ಜೋಂಗಾದ 4 ಲೀಟರಿಗೆ 110ರ ಆಸುಪಾಸು.

"ಅಂಕಿ ಬಿಡಿ ದೊಡ್ಡಮ್ಮ, ಕಡಿಮೆ ವೇಗದಲ್ಲಿ ಎಳೆಯೋದು ಯಾವುದು ಅದು ಮುಖ್ಯ" ಎಂದ ಹುಡುಗ. ಅವನ ಮಾತಿನಲ್ಲಿ ನ್ಯಾಯವಿತ್ತು. ಒಲೆಯಲ್ಲಿ ಉರಿಯೇ ಇಲ್ಲದಿದ್ದರೆ ಊದಿ ಪ್ರಯೋಜನವಿಲ್ಲ. ಇಂಜಿನ್ ನಿಧಾನವಾಗಿ ತಿರುಗುವಾಗ ಹೊಗೆ ಸಾಲದು, ಟರ್ಬೊ ಸುಮ್ಮನಿರುತ್ತದೆ. ಆಕ್ಸಿಲರೇಟರ್ ಒತ್ತಿದ ಮೇಲೆ ಒಂದು ಗಳಿಗೆ ತಡೆದು ಶಕ್ತಿ ಒಮ್ಮೆಗೇ ನುಗ್ಗುತ್ತದೆ, ಒದ್ದೆ ಮಣ್ಣಿನಲ್ಲಿ ಚಕ್ರ ಜಾರುವುದು ಆಗಲೇ. ದೊಡ್ಡ ಇಂಜಿನ್ ಹಾಗಲ್ಲ, ಕೋಣನ ಹಾಗೆ ಮೊದಲ ಹೆಜ್ಜೆಯಿಂದಲೇ ಎಳೆಯುತ್ತದೆ. ಇಳಿಜಾರಿನಲ್ಲಿ ಗಾಡಿಯನ್ನು ತಾನೇ ತಡೆದು ಹಿಡಿಯುತ್ತದೆ.

ತಂಗಿ ಇದಕ್ಕೆ ಬಾಯಲ್ಲಿ ಉತ್ತರ ಕೊಡಲಿಲ್ಲ. ಶೋರೂಮಿನವರನ್ನು ಒಪ್ಪಿಸಿ ಗಾಡಿಯನ್ನು ತೋಟಕ್ಕೇ ತರಿಸಿದಳು. ಜುಲೈ ತಿಂಗಳು, ಹಳ್ಳದಲ್ಲಿ ಮೊಣಕಾಲು ನೀರು. ಮೊದಲ ಸಲ ಮಾಮೂಲು ಗೇರಿನಲ್ಲಿ ಏರು ಹತ್ತಿಸಿದಳು. ಮಗ ಹೇಳಿದಂತೆಯೇ ಅರ್ಧಕ್ಕೆ ಮುಗ್ಗರಿಸಿ, ಆಮೇಲೆ ಒಮ್ಮೆಗೇ ಚಿಮ್ಮಿ, ಹಿಂದಿನ ಚಕ್ರ ಪಕ್ಕಕ್ಕೆ ಜಾರಿತು. ಶೋರೂಮಿನ ಹುಡುಗ ಬಾಗಿಲ ಹಿಡಿ ಗಟ್ಟಿಯಾಗಿ ಹಿಡಿದುಕೊಂಡಿದ್ದ. ಎರಡನೇ ಸಲ ಕೆಳಗೇ ನಿಲ್ಲಿಸಿ, ನಾಲ್ಕು ಚಕ್ರದ ಲೋ ಗೇರ್ ಹಾಕಿ ಬಂದಳು. ಲೋ ಗೇರಿನಲ್ಲಿ ಚಕ್ರ ನಿಧಾನ, ಇಂಜಿನ್ ಮಾತ್ರ ಚುರುಕಾಗಿ ತಿರುಗುತ್ತಿರುತ್ತದೆ, ಹೊಗೆಗೆ ಕೊರತೆಯಿಲ್ಲ, ಊದುಗೊಳವೆ ನಿಲ್ಲುವುದಿಲ್ಲ. ಗಾಡಿ ಇರುವೆಯ ಹಾಗೆ ಹತ್ತಿತು. ಇಳಿಯುವಾಗಲೂ ಅದೇ ಗೇರು ತಡೆದು ಹಿಡಿಯಿತು, ಅವಳು ಬ್ರೇಕ್ ಮುಟ್ಟಲೇ ಇಲ್ಲ.

"ಡೀಸೆಲ್ ಯಾಕಲ್ಲ?" ಎಂದು ನಾನು ಕೇಳಿದೆ. ಅದಕ್ಕೂ ಅವಳಲ್ಲಿ ಉತ್ತರವಿತ್ತು. ಈಗಿನ ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಒಂದು ಜರಡಿ ಇರುತ್ತದೆ. ಅದು ಸುಟ್ಟು ಸ್ವಚ್ಛವಾಗಬೇಕಾದರೆ ಆಗಾಗ ಹೆದ್ದಾರಿಯಲ್ಲಿ ಒಂದೇ ಸಮನೆ ಓಡಿಸಬೇಕು. ಇವಳದು ಮನೆಯಿಂದ ಕಣಕ್ಕೆ, ಕಣದಿಂದ ರಸ್ತೆಗೆ, ರಸ್ತೆಯಿಂದ ಲೈನಿಗೆ. ಜೋಂಗಾದ ಮಾತಿಗೆ ಅವಳು ಹೇಳಿದ್ದು ಇಷ್ಟು: "ಲೀಟರಿಗೆ ನಾಲ್ಕೈದು ಕಿಲೋಮೀಟರ್ ಅಂತ ಮಾರೋನೇ ಹೇಳ್ತಾನೆ. ಒಂದು ಸಾಮಾನು ಮುರಿದರೆ ಹುಡುಕೋದಕ್ಕೆ ವಾರ. ನಿನಗೆ ಅದು ಭಾನುವಾರದ ಗಾಡಿ ಮಗನೇ, ನನಗೆ ರಾತ್ರಿ ಹನ್ನೆರಡಕ್ಕೆ ಸ್ಟಾರ್ಟ್ ಆಗಬೇಕು."

ಆ ಮಾತಿಗೆ ಅವನು ಎದುರಾಡಲಿಲ್ಲ. ಕುರ್ಚಿ ಹೊತ್ತ ನಾಲ್ವರಲ್ಲಿ ಅವನೂ ಒಬ್ಬನಾಗಿದ್ದ.

ಪೆಟ್ರೋಲ್ ಟರ್ಬೊ ಗಾಡಿ ದೀಪಾವಳಿಗೆ ಮನೆಗೆ ಬಂತು. ಪೆಟ್ರೋಲಿನ ಖರ್ಚು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ, ಅದನ್ನು ಅವಳು ಮುಚ್ಚಿಡುವುದಿಲ್ಲ. ಹಳ್ಳದ ಈಚೆ ದಡದಲ್ಲೊಂದು ಕಲ್ಲು ನೆಟ್ಟಿದ್ದಾಳೆ. ಮಳೆಗಾಲದಲ್ಲಿ ಯಾರೇ ಗಾಡಿ ತಂದರೂ ಆ ಕಲ್ಲಿನ ಬಳಿ ನಿಲ್ಲಿಸಿ ಲೋ ಗೇರ್ ಹಾಕಿಯೇ ಮುಂದೆ ಹೋಗಬೇಕು. 2022ರ ಮಳೆಗಾಲದಲ್ಲಿ ಒಂದು ರಾತ್ರಿ ಲೈನ್ ಮನೆಯ ಅದೇ ಹೆಂಗಸಿಗೆ ಮತ್ತೆ ನೋವು ಕಾಣಿಸಿಕೊಂಡಿತು. ತಂಗಿ ಮುಕ್ಕಾಲು ಗಂಟೆಯಲ್ಲಿ ಸಕಲೇಶಪುರದ ಆಸ್ಪತ್ರೆ ಮುಟ್ಟಿಸಿದಳು. ಹೆಣ್ಣು ಮಗು, ಈಗ ಅಂಗನವಾಡಿಗೆ ಹೋಗುತ್ತಿದೆ.