ಕೊಲಂಬೊದಿಂದ ಬಂದ ನಮ್ಮದೇ ಹಾಡುಗಳು

ಅರವತ್ತರ ದಶಕವನ್ನು ನಾವು ಕಂಡವರಲ್ಲ. ಆದರೆ ಆ ಕಾಲದ ಹಾಡುಗಳು ಹಿರಿಯರ ಬಾಯಿಂದ ಇಳಿದು ಬಂದು ನಮ್ಮ ಮನೆಗಳಲ್ಲಿ ಇಂದಿಗೂ ಉಳಿದಿವೆ. ಅವು ಹೇಗೆ ಬಂದವು ಎಂಬುದೇ ಒಂದು ಚರಿತ್ರೆ.

1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಶಾಸ್ತ್ರೀಯ ಸಂಗೀತದಿಂದ ಜನರ ಅಭಿರುಚಿಯನ್ನು ತಿದ್ದಬೇಕೆಂಬುದು ಅವರ ಹಟ. ಮುಸ್ಲಿಮರ ಕೈ ಸೇರಿದ್ದರಿಂದಲೇ ಉತ್ತರದ ಸಂಗೀತ ತನ್ನ ಧಾರ್ಮಿಕ ನೆಲೆ ಕಳೆದುಕೊಂಡಿತೆಂಬ ನಂಬಿಕೆಯೂ ಅವರಿಗಿತ್ತು. ನಿರ್ಮಾಪಕರೊಂದಿಗಿನ ಜಗಳವೂ ಸೇರಿ, ಆಕಾಶವಾಣಿಯಿಂದ ಸಿನಿಮಾ ಹಾಡುಗಳು ಹೆಚ್ಚುಕಡಿಮೆ ಮಾಯವಾದವು.

ಜನ ಚಳವಳಿ ಹೂಡಲಿಲ್ಲ, ರೇಡಿಯೋದ ಮುಳ್ಳನ್ನು ತಿರುಗಿಸಿದರು. ಎರಡನೇ ಮಹಾಯುದ್ಧದ ಕಾಲದ ಪ್ರಬಲ ಟ್ರಾನ್ಸ್‌ಮಿಟರ್ ರೇಡಿಯೋ ಸಿಲೋನ್ ಬಳಿ ಇತ್ತು. 1952ರ ಡಿಸೆಂಬರಿನಲ್ಲಿ ಅಲ್ಲಿಂದ 'ಬಿನಾಕಾ ಗೀತಮಾಲಾ' ಆರಂಭವಾಯಿತು. ಮುಂಬೈಯಲ್ಲಿ ಮುದ್ರಿಸಿದ ಕಾರ್ಯಕ್ರಮ ಕೊಲಂಬೊಗೆ ಹೋಗಿ, ಬುಧವಾರ ರಾತ್ರಿ ಕಡಲು ದಾಟಿ ಮರಳಿ ನಮ್ಮೂರುಗಳಿಗೆ ಬರುತ್ತಿತ್ತು! ನಿರೂಪಕ ಅಮೀನ್ ಸಯಾನಿಯವರೇ ಹೇಳಿಕೊಂಡಂತೆ, ಮೊದಲ ಕಾರ್ಯಕ್ರಮಕ್ಕೇ ಸುಮಾರು 9,000 ಪತ್ರಗಳು ಬಂದವು.

ಸಯಾನಿಯವರ ಮಾತು ಪಂಡಿತರ ಹಿಂದಿಯಲ್ಲ, ಮೌಲ್ವಿಗಳ ಉರ್ದುವೂ ಅಲ್ಲ. ಅವರ ತಾಯಿ ಕುಲ್ಸುಮ್ ಸಯಾನಿ ಗಾಂಧೀಜಿಯವರ ಇಚ್ಛೆಯಂತೆ ಹೊಸ ಅಕ್ಷರಸ್ಥರಿಗಾಗಿ 'ರಹಬರ್' ಪತ್ರಿಕೆ ನಡೆಸುತ್ತಿದ್ದರು. ಒಂದೇ ಸರಳ ಹಿಂದೂಸ್ತಾನಿ ಅದರಲ್ಲಿ ದೇವನಾಗರಿ, ಉರ್ದು, ಗುಜರಾತಿ ಎಂಬ ಮೂರು ಲಿಪಿಗಳಲ್ಲಿ ಅಚ್ಚಾಗುತ್ತಿತ್ತು. ಆ ಕೆಲಸದಲ್ಲಿ ತಾಯಿಗೆ ನೆರವಾದ ಮಗ ಅದೇ ಭಾಷೆಯನ್ನು ರೇಡಿಯೋಗೆ ತಂದರು. ಹಾಡಿನ ಸ್ಥಾನಕ್ಕೆ ಅವರು ಬಳಸಿದ 'ಪಾಯದಾನ್' ಎಂಬ ಪದ, ಹಿಂದಿಯಾಗಲಿ ಉರ್ದುವಾಗಲಿ ಓದಲು ಬಾರದವರಿಗೂ ಪರಿಚಿತವಾಯಿತು.

ಅರವತ್ತರ ದಶಕದ ಹಾಡುಗಳ ವೈವಿಧ್ಯವನ್ನಾದರೂ ನೋಡಿ. 1960ರ 'ಬರ್ಸಾತ್ ಕೀ ರಾತ್' ಚಿತ್ರದ ಕವ್ವಾಲಿಗಳನ್ನು ಬರೆದವರು ಸಾಹಿರ್, ರಾಗ ಕೂಡಿಸಿದವರು ರೋಶನ್, ರಫಿಯವರ ಜೊತೆ ಕಂಠ ಬೆರೆಸಿದವರು ಬಂಗಾಳದ ಮನ್ನಾ ಡೇ. 1961ರ 'ಜಂಗ್ಲಿ'ಯಲ್ಲಿ ಅದೇ ರಫಿ ಶಮ್ಮಿ ಕಪೂರ್‌ಗಾಗಿ ಹಾಡಿ ಕುಣಿಸಿದರು. 1966ರಲ್ಲಿ ಒಂದೆಡೆ 'ತೀಸ್ರಿ ಕಸಂ' ಚಿತ್ರದ ಹಳ್ಳಿಯ ಧಾಟಿ, ಇನ್ನೊಂದೆಡೆ 'ತೀಸ್ರಿ ಮಂಜಿಲ್' ಚಿತ್ರದ ಗಿಟಾರ್. ಆ ಗಿಟಾರಿಗೆ ಪದ ಕಟ್ಟಿದ ಮಜ್ರೂಹ್ ಸುಲ್ತಾನ್‌ಪುರಿ ಹಿಂದೆ ಯುನಾನಿ ವೈದ್ಯ ಮಾಡುತ್ತಿದ್ದ ಹಕೀಮರು!

ಇವುಗಳಲ್ಲಿ ಯಾವುದು ಶುದ್ಧ, ಯಾವುದು ಬೆರಕೆ? ಯಾವುದು ಹಿಂದೂ, ಯಾವುದು ಮುಸ್ಲಿಂ? ಕೇಳುಗರಿಗೆ ಈ ಪ್ರಶ್ನೆಯೇ ಹುಟ್ಟಲಿಲ್ಲ. ಕೊನೆಗೆ ಸರ್ಕಾರವೂ ಮಣಿಯಿತು. ಕೇಸ್ಕರ್ ಅಧಿಕಾರದಲ್ಲಿರುವಾಗಲೇ, 1957ರ ಅಕ್ಟೋಬರ್ 3ರಂದು, ಸಿನಿಮಾ ಹಾಡುಗಳಿಗೂ ಜಾಗವಿದ್ದ ವಿವಿಧ ಭಾರತಿ ಆರಂಭವಾಯಿತು.

ಅಮೀನ್ ಸಯಾನಿ 2024ರ ಫೆಬ್ರವರಿಯಲ್ಲಿ ತೀರಿಕೊಂಡರು. ಮನೆಮಂದಿ, ನೆರೆಹೊರೆಯವರು ಒಂದೇ ಪೆಟ್ಟಿಗೆಯ ಮುಂದೆ ಕೂಡಿ ಕೇಳುವ ಕಾಲ ಅದಕ್ಕೂ ಮೊದಲೇ ಹೋಗಿತ್ತು. ಈಗ ಒಬ್ಬೊಬ್ಬರ ಕಿವಿಗೂ ಒಂದೊಂದು ಹಾಡು. ಅದಕ್ಕಾಗಿ ನಾವು ಮರುಗಬೇಕಿಲ್ಲ. ಆದರೆ ಸಂಸ್ಕೃತಿಯನ್ನು ಸೋಸಿ ಶುದ್ಧ ಮಾಡಹೊರಟವರ ಗದ್ದಲ ಮತ್ತೆ ಕೇಳಿಬರುತ್ತಿರುವಾಗ, ಅಂದು ಸದ್ದಿಲ್ಲದೆ ಮುಳ್ಳು ತಿರುಗಿಸಿದ ಆ ಸಾಮಾನ್ಯ ಜನರ ಕೈಗಳನ್ನು ನಾವು ಮರೆಯಬಾರದು.