ಲಂಡನ್ನಿನಲ್ಲಿ ಬಿದ್ದ ಗಂಧರ್ವ: ವಿಶ್ವನಾಥ ಸತ್ಯನಾರಾಯಣರ ಕಾದಂಬರಿಗಳ ಅದ್ಭುತ ಲೋಕ

ತೆಲುಗಿಗೆ ಮೊದಲ ಜ್ಞಾನಪೀಠ ತಂದುಕೊಟ್ಟವರು ವಿಶ್ವನಾಥ ಸತ್ಯನಾರಾಯಣ (1895-1976). ಕುವೆಂಪು ಅವರಿಗೆ 'ಶ್ರೀ ರಾಮಾಯಣ ದರ್ಶನಂ'ಗಾಗಿ 1967ರ ಪ್ರಶಸ್ತಿ ಸಂದಿತ್ತು. 1970ರ ಪ್ರಶಸ್ತಿ ವಿಶ್ವನಾಥರ 'ರಾಮಾಯಣ ಕಲ್ಪವೃಕ್ಷಮು' ಕಾವ್ಯಕ್ಕೆ ಬಂತು. ಹೀಗಾಗಿ ಕನ್ನಡಿಗರಿಗೆ ಅವರು ಹೆಚ್ಚಾಗಿ ಕವಿಯಾಗಿಯೇ ಪರಿಚಿತರು. ಆದರೆ ವಿಜಯವಾಡದಲ್ಲಿ ಬಹುಕಾಲ ನೆಲೆಸಿ, ಅಲ್ಲಿನ ಕಾಲೇಜಿನಲ್ಲಿ ಪಾಠ ಹೇಳಿದ ಈ ಮೇಷ್ಟ್ರು ಐವತ್ತಕ್ಕೂ ಹೆಚ್ಚು ಕಾದಂಬರಿ ಬರೆದಿದ್ದಾರೆ. ಅವುಗಳಲ್ಲಿ ಕೆಲವು ಅಪ್ಪಟ ಫ್ಯಾಂಟಸಿ.

'ಹಾಹಾ ಹೂಹೂ' ಕಾದಂಬರಿಯನ್ನೇ ನೋಡಿ. ಕುದುರೆ ಮುಖದ ಗಂಧರ್ವನೊಬ್ಬ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಬಂದು ಬೀಳುತ್ತಾನೆ. ಜನ ಅವನನ್ನು ವಿಚಿತ್ರ ಪ್ರಾಣಿ ಎಂದು ಹಿಡಿದಿಡುತ್ತಾರೆ. ಅವನಾಡುವುದು ಸಂಸ್ಕೃತ. ಕೂಡಿಹಾಕಿದವರು ನಾಗರಿಕರೋ, ಒಳಗಿರುವವನೋ? ಈ ಪ್ರಶ್ನೆಯನ್ನು ವಿಶ್ವನಾಥರು ನಗಿಸುತ್ತಲೇ ಕೇಳುತ್ತಾರೆ.

'ವಿಷ್ಣುಶರ್ಮ ಇಂಗ್ಲೀಷು ಚದುವು' ಇನ್ನೂ ತಮಾಷೆ. ಪಂಚತಂತ್ರದ ವಿಷ್ಣುಶರ್ಮ ಮತ್ತು ತೆಲುಗು ಮಹಾಭಾರತದ ಕವಿ ತಿಕ್ಕನ ಇಬ್ಬರೂ ಮೇಷ್ಟ್ರೊಬ್ಬರ ಕನಸಿಗೆ ಬರುತ್ತಾರೆ. ಮೂರ್ಖ ರಾಜಕುಮಾರರನ್ನು ತಿದ್ದಿದ ಪಂಡಿತನೇ ಈಗ ಇಂಗ್ಲಿಷ್ ಕಲಿಯುವ ವಿದ್ಯಾರ್ಥಿ! ಬರೆಯುವುದೊಂದು, ಓದುವುದೊಂದು ಯಾಕೆ ಎಂದು ಆತ ಕೇಳಿದರೆ ಮೇಷ್ಟ್ರ ಬಳಿ ಉತ್ತರವಿಲ್ಲ. ಇಂಗ್ಲಿಷ್ ಬಂದರಷ್ಟೇ ವಿದ್ಯಾವಂತ ಎಂಬ ನಂಬಿಕೆಯೇ ಇಲ್ಲಿ ಗುರಿ.

ಅವರ ಅತಿ ಪ್ರಸಿದ್ಧ ಕಾದಂಬರಿ 'ವೇಯಿಪಡಗಲು', ಅಂದರೆ ಸಾವಿರ ಹೆಡೆಗಳು. ಸುಬ್ಬನ್ನಪೇಟೆ ಎಂಬ ಊರನ್ನು ಸಾವಿರ ಹೆಡೆಯ ಸರ್ಪ ಕಾಯುತ್ತದೆ. ಕಾಲ ಬದಲಾದಂತೆ ಹೆಡೆಗಳು ಒಂದೊಂದಾಗಿ ಕುಸಿಯುತ್ತವೆ. ಈ ಬೃಹತ್ ಕೃತಿಯನ್ನು ಅವರು 29 ದಿನಗಳಲ್ಲಿ ಹೇಳಿ ಬರೆಸಿದರು ಎನ್ನುತ್ತಾರೆ. ಹೇಳಿ ಬರೆಸಿದ ಗುರುತು ಶೈಲಿಯಲ್ಲಿ ಕಾಣುತ್ತದೆ: ಕಥೆ ನಿಲ್ಲುತ್ತದೆ, ಸಂಗೀತ, ಶಿಕ್ಷಣ, ಧರ್ಮದ ಚರ್ಚೆ ಪುಟಗಟ್ಟಲೆ ನಡೆಯುತ್ತದೆ, ಮತ್ತೆ ಕಥೆ ಶುರುವಾಗುತ್ತದೆ. ಅವಸರದ ಓದುಗರಿಗೆ ಇದು ಒಗ್ಗುವುದು ಕಷ್ಟ.

ತಕರಾರು ಇರುವುದೂ ಇದೇ ಕೃತಿಯ ಬಗ್ಗೆ. ಕುಸಿಯುತ್ತಿರುವ ವ್ಯವಸ್ಥೆಗಾಗಿ ಮರುಗುವ ಲೇಖಕರು ವರ್ಣವ್ಯವಸ್ಥೆಯನ್ನೂ ಸಮರ್ಥಿಸುತ್ತಾರೆ ಎಂಬುದು ಪ್ರಗತಿಪರ ವಿಮರ್ಶಕರ ಆಕ್ಷೇಪ. ಅದನ್ನು ತಳ್ಳಿಹಾಕುವಂತಿಲ್ಲ. ಗಂಧರ್ವನ ಕಥೆಯಲ್ಲಿ ಅಧಿಕಾರಸ್ಥರನ್ನು ಕುಟುಕುವ ಕಲ್ಪನೆ ಇಲ್ಲಿ ಹಳೆಯ ಅಧಿಕಾರಕ್ಕೆ ಕಾವಲು ನಿಲ್ಲುತ್ತದೆ.

ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದ ಬಹುಮಾನವನ್ನು ಈ ಕಾದಂಬರಿ ಅಡವಿ ಬಾಪಿರಾಜು ಅವರ 'ನಾರಾಯಣರಾವು' ಜೊತೆ ಹಂಚಿಕೊಂಡಿತ್ತು. ಮುಂದೆ ಇದನ್ನು 'ಸಹಸ್ರಫಣ್' ಹೆಸರಿನಲ್ಲಿ ಹಿಂದಿಗೆ ತಂದವರು ಪಿ.ವಿ. ನರಸಿಂಹ ರಾವ್. ಆಗಿನ್ನೂ ಅವರು ಪ್ರಧಾನಿಯಾಗಿರಲಿಲ್ಲ.