ಮೈಸೂರು ವಾರಿಯರ್ಸ್ ತಂಡದ 2024ರ ಋತು

ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಮಹಾರಾಜ ಟ್ರೋಫಿ ಟಿ20 ಟೂರ್ನಿಯನ್ನು ಮೈಸೂರು ವಾರಿಯರ್ಸ್ ತಂಡ ಮೊದಲ ಸಲ ಗೆದ್ದ ಋತುವಿದು. 2024ರ ಆಗಸ್ಟ್ 15ರಂದು ಆರಂಭವಾದ ಟೂರ್ನಿ ಸೆಪ್ಟೆಂಬರ್ 1ರ ಫೈನಲ್‌ನೊಂದಿಗೆ ಮುಗಿಯಿತು. ಕರುಣ್ ನಾಯರ್ ನಾಯಕರಾಗಿದ್ದ ತಂಡ ಫೈನಲ್‌ನಲ್ಲಿ ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು 45 ರನ್‌ಗಳಿಂದ ಮಣಿಸಿತು. ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳನ್ನು ಒಳಗೊಂಡ ಮೈಸೂರು ಜಿಲ್ಲೆಗೆ ತನ್ನದೆಂದು ಹೇಳಿಕೊಳ್ಳಲು ಇರುವ ವೃತ್ತಿಪರ ಕ್ರಿಕೆಟ್ ತಂಡ ಇದೇ. ಆದರೆ ಆ ವರ್ಷ ಟೂರ್ನಿಯ ಎಲ್ಲ ಪಂದ್ಯಗಳೂ ಬೆಂಗಳೂರಿನ ಎಂ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ನಡೆದವು. ಮೈಸೂರಿನ ಹೆಸರು ಹೊತ್ತ ತಂಡ ಮೈಸೂರಿನ ನೆಲದಲ್ಲಿ ಒಂದೇ ಒಂದು ಪಂದ್ಯ ಆಡದೆ ಚಾಂಪಿಯನ್ ಆಯಿತು.

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ತಂಡವೊಂದು ಒಂದು ಋತುವಿನಲ್ಲಿ 162 ಪಂದ್ಯಗಳನ್ನು ಆಡುತ್ತದೆ, ಅರ್ಧ ವರ್ಷ ಅದಕ್ಕೇ ಹೋಗುತ್ತದೆ, ಅವುಗಳಲ್ಲಿ ಅರ್ಧದಷ್ಟು ತವರಿನಲ್ಲೇ ನಡೆಯುತ್ತವೆ. ಅದಕ್ಕೆ ಹೋಲಿಸಿದರೆ ಮಹಾರಾಜ ಟ್ರೋಫಿಯ ಋತು ಕೇವಲ ಹದಿನೆಂಟು ದಿನಗಳದ್ದು. ಆರು ತಂಡಗಳು, ಪ್ರತಿ ತಂಡಕ್ಕೆ ಹತ್ತು ಲೀಗ್ ಪಂದ್ಯ, ಆಮೇಲೆ ಸೆಮಿಫೈನಲ್ ಮತ್ತು ಫೈನಲ್. ಇಷ್ಟು ಕಿರಿದಾದ ಋತುವಿನಲ್ಲಿ ಎರಡು ಸೋಲು ಜೊತೆಗೂಡಿದರೆ ಚೇತರಿಸಿಕೊಳ್ಳಲು ಹೆಚ್ಚು ಪಂದ್ಯಗಳು ಉಳಿದಿರುವುದಿಲ್ಲ. 2024ರ ಮೈಸೂರು ತಂಡದ ಸಾಧನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಹಿನ್ನೆಲೆ

ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) 2009ರಲ್ಲಿ ಆರಂಭವಾದಾಗ ಕೆಎಸ್‌ಸಿಎ ಅಧ್ಯಕ್ಷರಾಗಿದ್ದವರು ಮೈಸೂರು ರಾಜಮನೆತನದ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್. ಮೈಸೂರಿನ ಎನ್.ಆರ್. ಸಮೂಹದ (ಸೈಕಲ್ ಅಗರಬತ್ತಿಯ ಮನೆತನ) ಒಡೆತನದ ಮೈಸೂರು ವಾರಿಯರ್ಸ್ 2014ರಲ್ಲಿ ಆ ಲೀಗ್ ಗೆದ್ದಿತ್ತು. ಮ್ಯಾಚ್ ಫಿಕ್ಸಿಂಗ್ ಆರೋಪಗಳು ಮತ್ತು ಪೊಲೀಸ್ ತನಿಖೆಯ ನೆರಳಿನಲ್ಲಿ 2019ರ ಬಳಿಕ ಕೆಪಿಎಲ್ ನಿಂತುಹೋಯಿತು. 2013ರ ಡಿಸೆಂಬರ್‌ನಲ್ಲಿ ತೀರಿಕೊಂಡ ಒಡೆಯರ್ ಅವರ ಸ್ಮರಣೆಯಲ್ಲಿ 2022ರಲ್ಲಿ ಮಹಾರಾಜ ಟ್ರೋಫಿ ಹೊಸದಾಗಿ ಶುರುವಾಯಿತು. ಮೊದಲ ವರ್ಷ ಗುಲ್ಬರ್ಗ ಮಿಸ್ಟಿಕ್ಸ್, ಎರಡನೇ ವರ್ಷ ಹುಬ್ಬಳ್ಳಿ ಟೈಗರ್ಸ್ ಪ್ರಶಸ್ತಿ ಪಡೆದವು.

ಆ ಎರಡನೇ ವರ್ಷದ ಸೋಲನ್ನು ಹೇಳದೆ 2024ರ ಗೆಲುವು ಅರ್ಥವಾಗದು. 2023ರ ಸೆಮಿಫೈನಲ್‌ನಲ್ಲಿ ಕರುಣ್ 40 ಎಸೆತಗಳಲ್ಲಿ ಶತಕ ಬಾರಿಸಿ ಗುಲ್ಬರ್ಗ ತಂಡವನ್ನು ಹೊರಗಟ್ಟಿದ್ದರು. ಫೈನಲ್‌ನಲ್ಲಿ ಹುಬ್ಬಳ್ಳಿ 203 ರನ್ ಗಳಿಸಿತು. ಆರ್. ಸಮರ್ಥ್ 35 ಎಸೆತಗಳಲ್ಲಿ 63 ರನ್ ಸಿಡಿಸಿ ಬೆನ್ನಟ್ಟುವಿಕೆಗೆ ಭದ್ರ ಬುನಾದಿ ಹಾಕಿದರೂ ಮೈಸೂರು 195ಕ್ಕೆ ನಿಂತಿತು. ಎಂಟೇ ರನ್‌ಗಳ ಅಂತರ. ಕೈಗೆ ಬಂದ ಪ್ರಶಸ್ತಿ ಜಾರಿದ ಆ ನೋವನ್ನು ಹೊತ್ತೇ ಕರುಣ್ ಮತ್ತು ಅವರ ಆಪ್ತ ಆಟಗಾರರು ಮುಂದಿನ ಋತುವಿಗೆ ಬಂದರು.

ತಂಡ ಕಟ್ಟಿದ ಬಗೆ

ಹರಾಜಿಗೆ ಮುನ್ನ ತಂಡ ಉಳಿಸಿಕೊಂಡದ್ದು ನಾಲ್ವರನ್ನು: ಕರುಣ್ ನಾಯರ್, ಸಿ.ಎ. ಕಾರ್ತಿಕ್, ಎಸ್.ಯು. ಕಾರ್ತಿಕ್, ಮನೋಜ್ ಭಾಂಡಗೆ. ಫೈನಲ್‌ನಲ್ಲಿ ಗೆಲುವಿನ ಮೊತ್ತ ಕಟ್ಟಿದ ಮೂವರೂ ಈ ನಾಲ್ವರಲ್ಲೇ ಇದ್ದರು ಎಂಬುದನ್ನು ಗಮನಿಸಿದರೆ, ತಂಡದ ಅತಿ ಒಳ್ಳೆಯ ನಿರ್ಧಾರ ಹರಾಜಿನ ಕೋಣೆಗೆ ಹೋಗುವ ಮೊದಲೇ ಆಗಿತ್ತು ಎನ್ನಬೇಕು. ಜುಲೈನ ಹರಾಜಿನಲ್ಲಿ ಆಫ್ ಸ್ಪಿನ್ನರ್ ಕೆ. ಗೌತಮ್ 7.4 ಲಕ್ಷ ರೂಪಾಯಿಗೆ, ಮೈಸೂರಿನಲ್ಲೇ ಹುಟ್ಟಿದ ಎಡಗೈ ಸ್ಪಿನ್ನರ್ ಜೆ. ಸುಚಿತ್ 4.8 ಲಕ್ಷಕ್ಕೆ ಬಂದರು. ತೊಡೆಯ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿದ್ದ ವೇಗಿ ಪ್ರಸಿದ್ಧ ಕೃಷ್ಣ ಒಂದು ಲಕ್ಷಕ್ಕೆ ಸಿಕ್ಕರು. ವೇಗದ ಬೌಲಿಂಗ್‌ಗೆ ವಿದ್ಯಾಧರ ಪಾಟೀಲ್ ಇದ್ದರು.

ಎಲ್ಲಕ್ಕಿಂತ ಹೆಚ್ಚು ಸುದ್ದಿಯಾದದ್ದು 50,000 ರೂಪಾಯಿಯ ಖರೀದಿ. ರಾಹುಲ್ ದ್ರಾವಿಡ್ ಅವರ ಹಿರಿಯ ಮಗ ಸಮಿತ್ ದ್ರಾವಿಡ್ ಆ ಬೆಲೆಗೆ ಬಂದರು; ಇದು ಅವರ ಮೊದಲ ಮಹಾರಾಜ ಟ್ರೋಫಿ. ಏಳು ಇನಿಂಗ್ಸ್‌ಗಳಲ್ಲಿ ಅವರು ಗಳಿಸಿದ್ದು 82 ರನ್. ಹದಿನೆಂಟು ವರ್ಷದ ಹುಡುಗನೊಬ್ಬನ ಮೊದಲ ವೃತ್ತಿಪರ ಟೂರ್ನಿಯಾಗಿ ನೋಡಿದರೆ ಅದರಲ್ಲಿ ನಿರಾಶೆಪಡುವಂಥದ್ದು ಏನೂ ಇಲ್ಲ. ತಂದೆಯ ಹೆಸರಿನ ಭಾರವನ್ನು ಆ ಹುಡುಗನ ಪ್ರತಿ ಎಸೆತದ ಮೇಲೂ ಹೇರಿದ ಪ್ರಚಾರ ಮಾತ್ರ ಅನ್ಯಾಯದ್ದು. ಟೂರ್ನಿ ಮುಗಿಯುವ ಹೊತ್ತಿಗೆ ಅವರು ಆಸ್ಟ್ರೇಲಿಯಾ ವಿರುದ್ಧದ ಸರಣಿಗೆ ಭಾರತದ 19 ವರ್ಷದೊಳಗಿನವರ ತಂಡಕ್ಕೆ ಆಯ್ಕೆಯಾದರು.

ಲೀಗ್ ಹಂತ

ಶಿವಮೊಗ್ಗ ಲಯನ್ಸ್ ವಿರುದ್ಧ ಮಳೆ ಅಡ್ಡಿಪಡಿಸಿದ ಪಂದ್ಯದಲ್ಲಿ ಅಲ್ಪ ಅಂತರದ ಗೆಲುವಿನೊಂದಿಗೆ ಮೈಸೂರಿನ ಅಭಿಯಾನ ತೆರೆಯಿತು. ಆಗಸ್ಟ್ ಎಂದರೆ ಬೆಂಗಳೂರಿನಲ್ಲಿ ಮುಂಗಾರಿನ ದಿನಗಳು. ಗುರಿ ಪರಿಷ್ಕರಿಸಲು ಇಲ್ಲಿ ಬಳಸುವುದು ಕೇರಳದ ಎಂಜಿನಿಯರ್ ವಿ. ಜಯದೇವನ್ ರೂಪಿಸಿದ ವಿಜೆಡಿ ಪದ್ಧತಿ. ಮೈಸೂರಿನ ಒಂದಕ್ಕಿಂತ ಹೆಚ್ಚು ಫಲಿತಾಂಶಗಳು ಆ ಲೆಕ್ಕದಲ್ಲೇ ತೀರ್ಮಾನವಾದವು.

ಆಗಸ್ಟ್ 18ರಂದು ಗುಲ್ಬರ್ಗ ಮಿಸ್ಟಿಕ್ಸ್ ಎದುರು ಕರುಣ್ 35 ಎಸೆತಗಳಲ್ಲಿ 66 ರನ್ ಹೊಡೆದು ತಂಡವನ್ನು 196ಕ್ಕೆ ಮುಟ್ಟಿಸಿದರು. ಆದರೆ ಗುಲ್ಬರ್ಗದ ಯುವ ಎಡಗೈ ಬ್ಯಾಟರ್ ಆರ್. ಸ್ಮರಣ್ ಶತಕ ಬಾರಿಸಿ ಆ ಮೊತ್ತವನ್ನು ಕೊನೆಯ ಎಸೆತದಲ್ಲಿ ದಾಟಿಸಿದರು. ಮಾರನೆಯ ದಿನವೇ ಮಂಗಳೂರು ಡ್ರಾಗನ್ಸ್ ಎದುರು ಕರುಣ್ ಕೊಟ್ಟ ಉತ್ತರ ಈ ಋತುವಿನ ಶಿಖರ: 48 ಎಸೆತಗಳಲ್ಲಿ ಅಜೇಯ 124 ರನ್, ಅದರಲ್ಲಿ 13 ಬೌಂಡರಿ, 9 ಸಿಕ್ಸರ್. ಮೈಸೂರು 4 ವಿಕೆಟ್‌ಗೆ 226 ರನ್ ಪೇರಿಸಿತು. ಮಳೆ ಬಂದು ಮಂಗಳೂರಿನ ಇನಿಂಗ್ಸ್ ಹದಿನಾಲ್ಕು ಓವರ್‌ಗೆ ಇಳಿದಾಗ ಆ ತಂಡ 7 ವಿಕೆಟ್‌ಗೆ 138 ರನ್ ಮಾತ್ರ ಗಳಿಸಿತು, ಮೈಸೂರು 27 ರನ್‌ಗಳಿಂದ ಗೆದ್ದಿತು.

ಆ ಋತುವಿನಲ್ಲಿ ದೇಶದಾಚೆಯೂ ಸುದ್ದಿಯಾದ ಪಂದ್ಯದಲ್ಲಿ ಮೈಸೂರು ಇರಲಿಲ್ಲ. ಆಗಸ್ಟ್ 23ರಂದು ಹುಬ್ಬಳ್ಳಿ ಮತ್ತು ಬೆಂಗಳೂರು ತಂಡಗಳು ತಲಾ 164 ರನ್ ಗಳಿಸಿ ಸಮವಾದವು. ಮೂರು ಸೂಪರ್ ಓವರ್ ಆದ ಮೇಲೆ ಹುಬ್ಬಳ್ಳಿ ಗೆದ್ದಿತು. ಆ ಎರಡೂ ತಂಡಗಳನ್ನೇ ಮೈಸೂರು ತನ್ನ ಕೊನೆಯ ಎರಡು ಪಂದ್ಯಗಳಲ್ಲಿ ಎದುರಿಸಬೇಕಾಯಿತು. ಸೆಮಿಫೈನಲ್‌ನಲ್ಲಿ ಹುಬ್ಬಳ್ಳಿಯನ್ನು ಹಿಮ್ಮೆಟ್ಟಿಸಿದ್ದು ಹಿಂದಿನ ವರ್ಷದ ಬಾಕಿಯನ್ನು ತೀರಿಸಿದಂತಾಯಿತು.

ಫೈನಲ್

ಎದುರಾಳಿ ಮಯಂಕ್ ಅಗರವಾಲ್ ನಾಯಕತ್ವದ ಬೆಂಗಳೂರು ಬ್ಲಾಸ್ಟರ್ಸ್. ಎಸ್.ಯು. ಕಾರ್ತಿಕ್ 44 ಎಸೆತಗಳಲ್ಲಿ 71 ರನ್, ಕರುಣ್ 45 ಎಸೆತಗಳಲ್ಲಿ 66 ರನ್ ಗಳಿಸಿ ಇನಿಂಗ್ಸ್ ಕಟ್ಟಿದರು. ಆದರೆ ಪಂದ್ಯವನ್ನು ಬೆಂಗಳೂರಿನ ಕೈಯಿಂದ ಕಿತ್ತುಕೊಂಡದ್ದು ರಾಯಚೂರಿನ ಎಡಗೈ ಬ್ಯಾಟರ್ ಮನೋಜ್ ಭಾಂಡಗೆ. ಕೇವಲ 13 ಎಸೆತಗಳಲ್ಲಿ ಅವರು ಅಜೇಯ 44 ರನ್ ಹೊಡೆದರು. ಕೊನೆಯ ಓವರ್‌ಗಳಲ್ಲಿ ಬಂದ ಆ ರನ್‌ಗಳಿಲ್ಲದಿದ್ದರೆ ಮೊತ್ತ 170ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು, ಚಿನ್ನಸ್ವಾಮಿಯಂಥ ಚಿಕ್ಕ ಬೌಂಡರಿಗಳ ಅಂಗಣದಲ್ಲಿ ಅದು ಸುರಕ್ಷಿತ ಮೊತ್ತವಲ್ಲ. ಮೈಸೂರು 20 ಓವರ್‌ಗಳಲ್ಲಿ 4 ವಿಕೆಟ್‌ಗೆ 207 ರನ್ ಗಳಿಸಿತು.

ಬೆಂಗಳೂರಿನ ಪರ ಎಲ್.ಆರ್. ಚೇತನ್ 32 ಎಸೆತಗಳಲ್ಲಿ 51 ರನ್ ಗಳಿಸಿ ಹೋರಾಡಿದರು. ಆ ವರ್ಷದ ಹರಾಜಿನಲ್ಲಿ 8.6 ಲಕ್ಷ ರೂಪಾಯಿಯೊಂದಿಗೆ ಅತಿ ಹೆಚ್ಚು ಬೆಲೆ ಪಡೆದ ಆಟಗಾರ ಅವರೇ. ಉಳಿದವರಿಂದ ಸಾಕಷ್ಟು ನೆರವು ಸಿಗಲಿಲ್ಲ. ವಿದ್ಯಾಧರ ಪಾಟೀಲ್ 19 ರನ್‌ಗೆ 3 ವಿಕೆಟ್, ಗೌತಮ್ 23 ರನ್‌ಗೆ 2 ವಿಕೆಟ್ ಕಿತ್ತರು. ಇನ್ನೂರು ದಾಟಿದ ಮೊತ್ತಗಳ ಪಂದ್ಯದಲ್ಲಿ ಬೌಲರ್‌ಗಳ ಹೆಸರು ಹಿಂದೆ ಸರಿಯುವುದು ರೂಢಿ, ಪಾಟೀಲರ ಆ ದಿನದ ಬೌಲಿಂಗ್‌ಗೆ ಅಂಥ ಮರೆವು ಸಲ್ಲದು. ಬೆಂಗಳೂರು 8 ವಿಕೆಟ್‌ಗೆ 162 ರನ್‌ಗೆ ಸೀಮಿತವಾಯಿತು.

ಕರುಣ್ ನಾಯರ್ ಅವರ ಋತು

12 ಪಂದ್ಯಗಳಲ್ಲಿ 560 ರನ್ ಗಳಿಸಿದ ಕರುಣ್ ಟೂರ್ನಿಯ ಬ್ಯಾಟರ್‌ಗಳ ಪಟ್ಟಿಯಲ್ಲಿ ಮೊದಲಿಗರಾದರು. ಅಂಕಿಗಿಂತ ಅದರ ಹಿಂದಿನ ದಾರಿ ದೊಡ್ಡದು. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ರನ್ ಗಳಿಸಿ, ವೀರೇಂದ್ರ ಸೆಹ್ವಾಗ್ ನಂತರ ಟೆಸ್ಟ್ ತ್ರಿಶತಕ ಬಾರಿಸಿದ ಎರಡನೇ ಭಾರತೀಯರಾದ ಅವರು, 2017ರ ಮಾರ್ಚ್ ನಂತರ ಭಾರತ ತಂಡದಿಂದ ಹೊರಬಿದ್ದರು. ಮುಂದೆ ಕರ್ನಾಟಕ ತಂಡದಲ್ಲೂ ಜಾಗ ಸಿಗದೆ 2023ರಲ್ಲಿ ವಿದರ್ಭಕ್ಕೆ ಹೋದರು. ರಾಜ್ಯದ ತಂಡದಲ್ಲಿ ಇಲ್ಲದ ಆ ಕಾಲದಲ್ಲಿ ತವರಿನ ಜನ ಅವರ ಆಟ ನೋಡಲು ಉಳಿದಿದ್ದ ಮುಖ್ಯ ವೇದಿಕೆ ಮೈಸೂರು ವಾರಿಯರ್ಸ್. ತಂಡ ಅವರನ್ನು ಕೈಬಿಡದೆ ನಾಯಕನನ್ನಾಗಿಯೇ ಉಳಿಸಿಕೊಂಡಿತು. ಈ ಋತುವಿನ ಪ್ರಶಸ್ತಿಯಷ್ಟೇ ಗೌರವದ ಸಂಗತಿ ಆ ನಂಬಿಕೆ.

ನಂತರದ ತಿಂಗಳುಗಳು ಆ ನಂಬಿಕೆಯನ್ನು ಎತ್ತಿಹಿಡಿದವು. 2024–25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ವಿದರ್ಭದ ಪರ ಕರುಣ್ 779 ರನ್ ಗಳಿಸಿದರು, ಅದೇ ಸಾಲಿನಲ್ಲಿ ವಿದರ್ಭ ರಣಜಿ ಟ್ರೋಫಿ ಗೆದ್ದಿತು. 2025ರ ಜೂನ್‌ನಲ್ಲಿ ಲೀಡ್ಸ್‌ನಲ್ಲಿ, ಎಂಟು ವರ್ಷಗಳ ನಂತರ, ಮತ್ತೆ ಭಾರತದ ಪರ ಟೆಸ್ಟ್ ಆಡಿದರು. 2025–26ರಲ್ಲಿ ಕರ್ನಾಟಕ ತಂಡಕ್ಕೂ ಮರಳಿದರು.

ತವರಿನ ಜನ ಮತ್ತು ತವರಿನ ಅಂಗಣ

ಟೂರ್ನಿ ನಡೆಯುವ ಆಗಸ್ಟ್ ತಿಂಗಳು ಪಿರಿಯಾಪಟ್ಟಣ ಮತ್ತು ಹುಣಸೂರು ಕಡೆಯ ರೈತರಿಗೆ ಬಿಡುವಿಲ್ಲದ ಕಾಲ. ಹೊಗೆಸೊಪ್ಪು ಮುರಿದು, ಅದನ್ನು ಹದ ಮಾಡುವ ಬ್ಯಾರನ್‌ಗೆ ಏರಿಸಿ, ಉರಿ ಕಾಯುತ್ತ ರಾತ್ರಿ ಎಚ್ಚರವಿರಬೇಕಾದ ದಿನಗಳು. ಪಿರಿಯಾಪಟ್ಟಣದಿಂದ ಮೈಸೂರಿಗೆ ಸುಮಾರು 70 ಕಿ.ಮೀ.; ಬೆಳಿಗ್ಗೆ ಹೊರಟು ಪಂದ್ಯ ನೋಡಿ ರಾತ್ರಿಗೆ ಊರು ಸೇರಬಹುದು. ಬೆಂಗಳೂರು 200 ಕಿ.ಮೀ.ಗೂ ಹೆಚ್ಚು ದೂರ. ಪಂದ್ಯ ಎಲ್ಲಿ ನಡೆಯುತ್ತದೆ ಎಂಬುದು ಇಲ್ಲಿಯ ಜನರಿಗೆ ಸಣ್ಣ ವಿಷಯವಲ್ಲ.

ಮೈಸೂರಿನ ಜನ ಬರುವುದಿಲ್ಲ ಎನ್ನುವವರು 2010ರ ಜನವರಿಯನ್ನು ನೆನೆಯಬೇಕು. ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ನಡೆದ ಕರ್ನಾಟಕ–ಮುಂಬೈ ರಣಜಿ ಫೈನಲ್‌ಗೆ ಸಾವಿರಾರು ಮಂದಿ ಬಂದಿದ್ದರು. 338 ರನ್ ಬೆನ್ನಟ್ಟಿದ ಕರ್ನಾಟಕ, ಮನೀಶ್ ಪಾಂಡೆ ಅವರ 144 ರನ್‌ಗಳ ನೆರವಿನಿಂದ 331ರವರೆಗೆ ಹೋಗಿ ಆರು ರನ್‌ಗಳಿಂದ ಸೋತಿತು. ಅದೇ ಅಂಗಣಕ್ಕೆ ಈಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರ ಹೆಸರಿದೆ.

2022ರಲ್ಲಿ ಮಹಾರಾಜ ಟ್ರೋಫಿಯ ಒಂದಷ್ಟು ಪಂದ್ಯಗಳು ಅಲ್ಲಿ ನಡೆದಿದ್ದವು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಮಂದಿ ಸತ್ತ ಬಳಿಕ ಇಡೀ ಟೂರ್ನಿಯನ್ನು ಮೈಸೂರಿಗೆ ವರ್ಗಾಯಿಸಲಾಯಿತು. ಆದರೆ ಪಂದ್ಯಗಳು ಪ್ರೇಕ್ಷಕರಿಲ್ಲದೆ ನಡೆದವು, ಪ್ರಶಸ್ತಿ ಮಂಗಳೂರು ಡ್ರಾಗನ್ಸ್ ಪಾಲಾಯಿತು. ಹೀಗೆ ಮೈಸೂರು ವಾರಿಯರ್ಸ್ ಹಾಲಿ ಚಾಂಪಿಯನ್ ಆಗಿ ತವರಿಗೆ ಬಂದ ವರ್ಷ, ತಂಡದ ಆಟವನ್ನು ಕಣ್ಣಾರೆ ನೋಡುವ ಅವಕಾಶ ಜಿಲ್ಲೆಯ ಜನರಿಗೆ ಸಿಗಲಿಲ್ಲ. ಸುರಕ್ಷಿತ ವ್ಯವಸ್ಥೆಯೊಂದಿಗೆ ತಂಡದ ಕೆಲವು ಲೀಗ್ ಪಂದ್ಯಗಳನ್ನಾದರೂ ಪ್ರತಿ ವರ್ಷ ಮೈಸೂರಿನಲ್ಲಿ, ಪ್ರೇಕ್ಷಕರ ಎದುರಿನಲ್ಲಿ ಆಡಿಸುವ ಹೊಣೆ ಕೆಎಸ್‌ಸಿಎ ಮೇಲಿದೆ.